ಬಾಟ್ಲಿಯ ಕಲ್ವ: ಓದಿ ನೋಡಿ, ಬೇಯಿಸಿ ತಿನ್ನಿ



ಕಲ್ವ ನಿಮಗೆ ಗೊತ್ತೇ? ಕರಾವಳಿಯವರಿಗೆ ಗೊತ್ತು. ಹೊಳೆ ಸಮುದ್ರ ಸೇರುವ ಕಡೆ ಇದು ಸಿಗುತ್ತದೆ. ಉಪ್ಪುನೀರಿನಲ್ಲಿ ಕಲ್ಲಿಗೆ ಅಂಟಿಕೊಂಡು ಬೆಳೆಯುತ್ತದೆ. ಮೇಲೊಂದು ಕೆಳಗೊಂದು ಗಟ್ಟಿ ಚಿಪ್ಪು. ಒಳಗೆ ಮೆತ್ತನೆಯ ಮಾಂಸ. ಪುಸ್ತಕದಲ್ಲಿ ಇದನ್ನು ಸಿಂಪಿ ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಆಯ್ಸ್ಟರ್ ಎನ್ನುತ್ತಾರೆ. ಬೆಳಚು, ಮರುವಾಯಿ ಇದರ ನೆಂಟರು. ಅವು ಮರಳು, ಕೆಸರಿನಲ್ಲಿ ಹುದುಗಿ ಇರುತ್ತವೆ. ಕಲ್ವ ಮಾತ್ರ ಹಿಡಿದ ಕಲ್ಲು ಬಿಡುವುದಿಲ್ಲ.

ಉತ್ತರ ಕನ್ನಡದ ಕುಮಟಾ ತಾಲೂಕಿನಲ್ಲಿ ಅಘನಾಶಿನಿ ಹೊಳೆ ಸಮುದ್ರ ಸೇರುತ್ತದೆ. ಇಳಿತದ ಹೊತ್ತಿಗೆ ಅಲ್ಲಿ ನೀರು ಸರಿಯುತ್ತದೆ. ಆಗ ಹೆಂಗಸರು ಬುಟ್ಟಿ, ಕತ್ತಿ ಹಿಡಿದು ಹೊಳೆಗೆ ಇಳಿಯುತ್ತಾರೆ. ಅಮಾವಾಸ್ಯೆ, ಹುಣ್ಣಿಮೆಯ ದಿನಗಳಲ್ಲಿ ಇಳಿತ ಹೆಚ್ಚು. ಅಂದು ಹೊಳೆಯ ತುಂಬ ಜನ. ಮಾಂಸ ಅಡುಗೆಗೆ ಬರುತ್ತದೆ. ಚಿಪ್ಪು ಸುಟ್ಟರೆ ಸುಣ್ಣ ಆಗುತ್ತದೆ. ಎಷ್ಟೋ ಮನೆಗಳ ಒಲೆ ಉರಿಯುವುದು ಈ ಹೊಳೆಯಿಂದಲೇ.

ಆದರೆ ಇಂದಿನ ಪಾಠ ಹೊಳೆಯ ಕಲ್ವದ್ದಷ್ಟೇ ಅಲ್ಲ. ಬಾಟ್ಲಿಯ ಕಲ್ವದ್ದು. ಒಂದು ಕತೆಯಿಂದ ಶುರು ಮಾಡೋಣ.

ಚಿಪ್ಪೆಲ್ಲಿ?

ಕುಮಟಾ ಕಡೆಯ ಒಬ್ಬ ಅಮ್ಮ. ಸಣ್ಣವಳಿದ್ದಾಗಿಂದ ಹೊಳೆಯಲ್ಲಿ ಕಲ್ವ ತೆಗೆದವಳು. ಅಕ್ಷರ ಕಲಿತದ್ದು ತಡವಾಗಿ, ರಾತ್ರಿ ತರಗತಿಯಲ್ಲಿ. ಆಕೆಯ ಮಗಳು ಅಮೆರಿಕದಲ್ಲಿ ಇದ್ದಾಳೆ. ಮೊಮ್ಮಗಳನ್ನು ನೋಡಿಕೊಳ್ಳಲು ಅಮ್ಮ ಅಲ್ಲಿಗೆ ಹೋದಳು.

ಮಗಳ ಊರು ಮೇರಿಲ್ಯಾಂಡ್ ಎಂಬ ರಾಜ್ಯದಲ್ಲಿದೆ. ಅಲ್ಲಿ ಚೆಸಪೀಕ್ ಎಂಬ ದೊಡ್ಡ ಕೊಲ್ಲಿ. ನಮ್ಮ ಅಳಿವೆಯ ಹಾಗೆ ಅಲ್ಲಿಯೂ ಹೊಳೆಯ ನೀರು, ಸಮುದ್ರದ ನೀರು ಕೂಡುತ್ತವೆ. ಅಲ್ಲಿಯೂ ಕಲ್ವ ಬೆಳೆಯುತ್ತದೆ. ಆ ಕಡೆಯವರು ಅದನ್ನು ಚಿಪ್ಪು ಬಿಡಿಸಿ, ಬಾಟ್ಲಿಗೆ ತುಂಬಿ ಮಾರುತ್ತಾರೆ. ಅಂಗಡಿಯಲ್ಲಿ ಅದನ್ನು ಐಸಿನ ಮೇಲೆ ಇಟ್ಟಿರುತ್ತಾರೆ.

ಒಂದು ದಿನ ಮಗಳು ಫ್ರಿಜ್ಜಿನಿಂದ ಒಂದು ಬಾಟ್ಲಿ ತೆಗೆದಳು.

"ಇದೇನೇ ಇದು? ಚಿಪ್ಪೆಲ್ಲಿ?" ಎಂದಳು ಅಮ್ಮ.

"ಕಲ್ವ ಅಮ್ಮಾ. ಇಲ್ಲಿ ಬಿಡಿಸಿಯೇ ಮಾರ್ತಾರೆ. ನೀನು ಬಂದಾಗ ಸುಕ್ಕ ಮಾಡಿಸ್ಕೊಳ್ಳಬೇಕು ಅಂತ ತಂದಿಟ್ಟೆ."

ಅಮ್ಮ ಬಾಟ್ಲಿ ತಿರುಗಿಸಿ ನೋಡಿದಳು. ಬೂದು ಬಣ್ಣದ ಮಾಂಸ. ಸ್ವಲ್ಪ ಮಂಕಾದ ನೀರು. "ಹೊಳೆಯಲ್ಲಾದ್ರೆ ಚಿಪ್ಪು ನೋಡಿದ್ರೆ ಗೊತ್ತಾಗ್ತದೆ, ಜೀವ ಉಂಟೋ ಇಲ್ವೋ ಅಂತ. ಇದರಲ್ಲಿ ಗೊತ್ತಾಗೋದು ಹೇಗೆ?"

ಮಗಳು ಸುಮ್ಮನಾದಳು. ಅಮ್ಮನೇ ಕನ್ನಡಕ ಹಾಕಿಕೊಂಡು ಬಾಟ್ಲಿಯ ಮೇಲಿನ ಚೀಟಿ ನೋಡಿದಳು. ಇಂಗ್ಲಿಷ್ ಆಕೆಗೆ ಬರುವುದಿಲ್ಲ. ಆದರೆ ಅಂಕೆ ಬರುತ್ತದೆ. ಅಲ್ಲಿ 04/11 ಎಂದು ಇತ್ತು.

"ನಾಲ್ಕನೇ ತಾರೀಕು, ಹನ್ನೊಂದನೇ ತಿಂಗಳು. ನವೆಂಬರ್ ತನಕ ಉಂಟಲ್ಲ. ಇವತ್ತು ಏಪ್ರಿಲ್ 17. ಅಡ್ಡಿ ಇಲ್ಲ."

ಮಗಳು ಬೆಚ್ಚಿಬಿದ್ದಳು. "ಇಲ್ಲಿ ಹಾಗಲ್ಲ ಅಮ್ಮಾ! ಇವರು ತಿಂಗಳನ್ನು ಮೊದಲು ಬರೀತಾರೆ. ತಾರೀಕು ಆಮೇಲೆ. ಇದು ಏಪ್ರಿಲ್ 11. ಮುಗಿದು ಆರು ದಿನ ಆಯ್ತು. ನಾನು ನೋಡಲೇ ಇಲ್ಲ."

ಅಮ್ಮ ಮುಚ್ಚಳ ತೆಗೆದು ಮೂಸಿದಳು. "ವಾಸನೆ ಏನೂ ಇಲ್ಲ. ದುಡ್ಡು ಕೊಟ್ಟು ತಂದದ್ದು..."

ಅಷ್ಟರಲ್ಲಿ ಮೊಮ್ಮಗಳು ಬಂದು ಸೆರಗು ಎಳೆದಳು. ಅಮ್ಮ ಮಗುವಿನ ಮುಖ ನೋಡಿದಳು. ಬಾಟ್ಲಿ ನೋಡಿದಳು. ಮತ್ತೆ ಮಾತಾಡಲಿಲ್ಲ. ಮಾಂಸವನ್ನು ಚೀಲಕ್ಕೆ ಸುರಿದು, ಬಾಯಿ ಕಟ್ಟಿ, ಕಸದ ಡಬ್ಬಕ್ಕೆ ಹಾಕಿದಳು.

ಅಮ್ಮ ಮಾಡಿದ್ದು ಸರಿಯೇ? ಸರಿ. ಯಾಕೆ ಸರಿ ಎಂದು ಈಗ ತಿಳಿಯೋಣ.

ಕಲ್ವ ತಿನ್ನುವುದು ಏನನ್ನು?

ಕಲ್ವ ಬೇಟೆಯಾಡುವುದಿಲ್ಲ. ಮೇಯಲು ಹೋಗುವುದಿಲ್ಲ. ಕುಳಿತಲ್ಲೇ ಚಿಪ್ಪು ತೆರೆದು ನೀರು ಎಳೆದುಕೊಳ್ಳುತ್ತದೆ. ನೀರಿನಲ್ಲಿರುವ ಸಣ್ಣ ಸಣ್ಣ ಕಣಗಳನ್ನು ಸೋಸಿ ತಿನ್ನುತ್ತದೆ. ಉಳಿದ ನೀರನ್ನು ಹೊರಗೆ ಬಿಡುತ್ತದೆ. ನಾವು ಚಹಾ ಸೋಸುತ್ತೇವಲ್ಲ, ಹಾಗೆ. ಒಂದು ಗಂಟೆಗೆ ಹಲವು ಲೀಟರ್ ನೀರು ಅದರ ಮೈಯೊಳಗೆ ಹಾದು ಹೋಗುತ್ತದೆ. ಹೀಗಾಗಿ ಕಲ್ವ ಇದ್ದರೆ ನೀರು ತಿಳಿಯಾಗುತ್ತದೆ.

ಆದರೆ ಸೋಸಿದ್ದು ಎಲ್ಲಿ ಉಳಿಯುತ್ತದೆ? ಕೆಲವು ಕಾಲ ಕಲ್ವದ ಒಳಗೇ ಉಳಿಯುತ್ತದೆ. ನೀರಿಗೆ ಚರಂಡಿ, ಕಕ್ಕಸಿನ ಹೊಲಸು ಸೇರಿದರೆ ಆ ರೋಗಾಣು ಕಲ್ವದಲ್ಲೂ ಸೇರುತ್ತದೆ. ವಾಂತಿಭೇದಿ, ಟೈಫಾಯ್ಡ್, ಕಾಮಾಲೆ ಹೀಗೆ ಬರಬಹುದು. ಬೆಚ್ಚಗಿನ ಉಪ್ಪುನೀರಿನಲ್ಲಿ ವಿಬ್ರಿಯೋ ಎಂಬ ರೋಗಾಣುಗಳು ತಾವಾಗಿಯೇ ಇರುತ್ತವೆ. ನೀರು ಚೊಕ್ಕಟ ಇದ್ದರೂ ಅವು ಇರಬಹುದು.

ಇವು ಕಣ್ಣಿಗೆ ಕಾಣುವುದಿಲ್ಲ. ಮೂಗಿಗೆ ತಿಳಿಯುವುದಿಲ್ಲ. ನಾಲಿಗೆಗೂ ಗೊತ್ತಾಗುವುದಿಲ್ಲ. ಕೆಟ್ಟ ವಾಸನೆ ಬಂದರೆ ಮಾಂಸ ಹಾಳಾಗಿದೆ ಎಂದು ಅರ್ಥ. ವಾಸನೆ ಬರದಿದ್ದರೆ ಚೆನ್ನಾಗಿದೆ ಎಂದು ಅರ್ಥವಲ್ಲ. ಮೂಗು ಅರ್ಧ ಸತ್ಯ ಮಾತ್ರ ಹೇಳುತ್ತದೆ.

ಚಿಪ್ಪು ಹೇಳುವ ಮಾತು

ಜೀವ ಇರುವ ಕಲ್ವ ಚಿಪ್ಪನ್ನು ಬಿಗಿಯಾಗಿ ಮುಚ್ಚಿಕೊಂಡಿರುತ್ತದೆ. ಸ್ವಲ್ಪ ತೆರೆದಿದ್ದರೆ ಬೆರಳಿನಿಂದ ತಟ್ಟಿ ನೋಡಿ. ಮುಚ್ಚಿಕೊಂಡರೆ ಜೀವ ಇದೆ. ಮುಚ್ಚದಿದ್ದರೆ ಸತ್ತಿದೆ. ಅದನ್ನು ಎಸೆಯಿರಿ. ಸತ್ತ ಕಲ್ವದಲ್ಲಿ ರೋಗಾಣು ಬೇಗ ಹೆಚ್ಚುತ್ತದೆ.

ಚಿಪ್ಪಿನ ಸಮೇತ ಬೇಯಿಸುವಾಗ ಚಿಪ್ಪು ತಾನಾಗಿ ಬಾಯಿ ಬಿಡುತ್ತದೆ. ಬಾಯಿ ಬಿಟ್ಟ ಮೇಲೂ 3ರಿಂದ 5 ನಿಮಿಷ ನೀರಿನಲ್ಲಿ ಕುದಿಸಬೇಕು. ಹಬೆಯಲ್ಲಿ ಆದರೆ ಇನ್ನೂ 4ರಿಂದ 9 ನಿಮಿಷ ಬೇಕು. ಎಷ್ಟು ಬೇಯಿಸಿದರೂ ಬಾಯಿ ಬಿಡದ್ದನ್ನು ತಿನ್ನಬಾರದು.

ಇದೆಲ್ಲ ಹೊಳೆಗೆ ಹೋಗುವ ಹೆಂಗಸರಿಗೆ ಗೊತ್ತಿರುವ ಮಾತು. ಅಮ್ಮನಿಗೂ ಗೊತ್ತಿತ್ತು. ಚಿಪ್ಪನ್ನು ಓದುವುದು ಆಕೆ ಅಕ್ಷರಕ್ಕಿಂತ ಮೊದಲೇ ಕಲಿತ ವಿದ್ಯೆ.

ಆದರೆ ಬಾಟ್ಲಿಯಲ್ಲಿ ಚಿಪ್ಪು ಇಲ್ಲ. ತಟ್ಟಿ ನೋಡಲು ಬರುವುದಿಲ್ಲ. ಹಾಗಾದರೆ ಯಾರನ್ನು ಕೇಳಬೇಕು? ಚೀಟಿಯನ್ನು ಕೇಳಬೇಕು. ಚಿಪ್ಪು ಹೇಳುವ ಮಾತನ್ನು ಈಗ ಚೀಟಿ ಹೇಳಬೇಕು. ನಾವು ಅದನ್ನು ಓದಬೇಕು.

ಚೀಟಿಯಲ್ಲಿ ಏನು ನೋಡಬೇಕು?

ಮೊದಲು ತಾರೀಕು ನೋಡಿ. ನಮ್ಮ ದೇಶದಲ್ಲಿ ದಿನ ಮೊದಲು, ತಿಂಗಳು ಆಮೇಲೆ. ಅಮೆರಿಕದಲ್ಲಿ ತಿಂಗಳು ಮೊದಲು. ಹೊರದೇಶದ ಡಬ್ಬ, ಬಾಟ್ಲಿ ಕೈಗೆ ಬಂದರೆ ಇದನ್ನು ನೆನಪಿಡಿ. ಅನುಮಾನ ಬಂದರೆ ಓದಿದ ಮಕ್ಕಳನ್ನು ಕೇಳಿ. ಕೇಳುವುದರಲ್ಲಿ ನಾಚಿಕೆ ಇಲ್ಲ.

ಎರಡನೆಯದು, ಎಲ್ಲಿ ಇಡಬೇಕು ಎಂಬುದು. ಬಾಟ್ಲಿಗಳಲ್ಲಿ ಬೇರೆ ಬೇರೆ ಜಾತಿ ಇದೆ.

ಒಂದು, ಹಸಿ ಮಾಂಸದ ಬಾಟ್ಲಿ. ಇದು ಸದಾ ತಣ್ಣಗೆ ಇರಬೇಕು. ಫ್ರಿಜ್ಜಿನಲ್ಲಿ 4 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ ಇರಬೇಕು.

ಎರಡು, ಕಾರ್ಖಾನೆಯಲ್ಲಿ ಬೇಯಿಸಿ, ಗಾಳಿ ಹೋಗದಂತೆ ಮುಚ್ಚಿದ ಡಬ್ಬ. ಇದನ್ನು ತೆರೆಯುವ ತನಕ ಕಪಾಟಿನಲ್ಲಿ ಇಡಬಹುದು. ಡಬ್ಬ ಉಬ್ಬಿದ್ದರೆ, ಸೋರುತ್ತಿದ್ದರೆ ತೆರೆಯಲೇಬೇಡಿ. ಎಸೆದುಬಿಡಿ.

ಮೂರು, ಆಯ್ಸ್ಟರ್ ಸಾಸ್. ಇದು ಮಾಂಸವಲ್ಲ. ಅಡುಗೆಗೆ ರುಚಿ ಕೊಡುವ ಕಪ್ಪು ರಸ. ಹೆಸರು ನೋಡಿ ಮೋಸ ಹೋಗಬೇಡಿ.

ಮೂರನೆಯದು, ಯಾರು ತುಂಬಿದ್ದು ಎಂಬುದು. ನಮ್ಮ ದೇಶದ ಪೊಟ್ಟಣಗಳ ಮೇಲೆ ತಯಾರಿಸಿದವರ ವಿಳಾಸ ಇರಬೇಕು. 14 ಅಂಕೆಯ ಪರವಾನಗಿ ನಂಬರು ಇರಬೇಕು. ಹೆಸರಿಲ್ಲದ, ತಾರೀಕಿಲ್ಲದ ಹಸಿ ಮಾಂಸ ಅಗ್ಗ ಎಂದು ಕೊಳ್ಳಬೇಡಿ.

ಇನ್ನೊಂದು ಮಾತು. ಚೀಟಿಯ ತಾರೀಕು ನಿಜವಾಗುವುದು ಮಾಂಸ ತಣ್ಣಗೆ ಇದ್ದರೆ ಮಾತ್ರ. ಹಸಿ ಮಾಂಸವನ್ನು ಎರಡು ಗಂಟೆಗಿಂತ ಹೆಚ್ಚು ಹೊರಗೆ ಇಡಬಾರದು. ನಮ್ಮ ಬೇಸಿಗೆಯ ಸೆಕೆಯಲ್ಲಿ ಒಂದು ಗಂಟೆಯೇ ಹೆಚ್ಚು. ಬಾಟ್ಲಿ ತೆರೆದ ಮೇಲೆ ಎರಡು ದಿನದ ಒಳಗೆ ಅಡುಗೆ ಮಾಡಿ ಮುಗಿಸಿ.

ಉಪ್ಪಿನಕಾಯಿ ಬಾಟ್ಲಿಗೆ ತುಂಬಬೇಡಿ

"ನಾವೇ ಕಲ್ವ ಬಿಡಿಸಿ, ಖಾಲಿ ಬಾಟ್ಲಿಗೆ ತುಂಬಿ ಇಟ್ಟರೆ ಆಗದೇ?" ಎಂದು ಕೇಳಬಹುದು. ಆಗುವುದಿಲ್ಲ. ಮಾವಿನಕಾಯಿ ಹುಳಿ. ಅದಕ್ಕೆ ಉಪ್ಪೂ ಬಹಳ ಹಾಕುತ್ತೇವೆ. ಹಾಗಾಗಿ ಅದು ಉಳಿಯುತ್ತದೆ. ಕಲ್ವದ ಮಾಂಸ ಹಾಗಲ್ಲ. ಮುಚ್ಚಿದ ಬಾಟ್ಲಿಯಲ್ಲಿ, ಗಾಳಿ ಇಲ್ಲದ ಕಡೆ, ಕೆಲವು ರೋಗಾಣು ಇನ್ನೂ ಚೆನ್ನಾಗಿ ಬೆಳೆಯುತ್ತವೆ. ಅವು ಬಿಡುವ ವಿಷ ಜೀವ ತೆಗೆಯಬಲ್ಲದು. ಡಬ್ಬ ತುಂಬುವ ಕಾರ್ಖಾನೆಯಲ್ಲಿ ಭಾರೀ ಒತ್ತಡದ ಹಬೆ ಕೊಡುತ್ತಾರೆ. ಮನೆಯ ಪಾತ್ರೆಯಲ್ಲಿ ಅಷ್ಟು ಕಾವು ಬರುವುದಿಲ್ಲ. ಬಿಡಿಸಿದ ಕಲ್ವವನ್ನು ಅಂದೇ ಬೇಯಿಸಿ. ಇಲ್ಲವಾದರೆ ಐಸಿನಲ್ಲಿ ಇಡಿ.

ಅಮ್ಮನ ಕಲ್ವದ ಸುಕ್ಕ

ಮರುದಿನ ಮಗಳು ಹೊಸ ಬಾಟ್ಲಿ ತಂದಳು. ಅಮ್ಮ ಬಾಗಿಲಲ್ಲೇ ಇಸಕೊಂಡು ನೋಡಿದಳು. 04/26. "ನಾಲ್ಕು ಅಂದ್ರೆ ಏಪ್ರಿಲ್. 26ನೇ ತಾರೀಕು. ಇನ್ನೂ ಎಂಟು ದಿನ ಉಂಟು. ಈಗ ಒಲೆ ಹಚ್ಚು."

ಆಕೆ ಮಾಡಿದ ರೀತಿ ಹೀಗೆ. ಇದು ಅರ್ಧ ಲೀಟರಿನ ಬಾಟ್ಲಿಯ ಲೆಕ್ಕ. ನಾಲ್ಕು ಜನರಿಗೆ ಸಾಕು.

ಬೇಕಾದ ಸಾಮಾನು: ಬ್ಯಾಡಗಿ ಮೆಣಸು 6, ಕೊತ್ತಂಬರಿ ಬೀಜ 2 ಚಮಚ, ಜೀರಿಗೆ ಅರ್ಧ ಚಮಚ, ಅರಿಶಿನ ಕಾಲು ಚಮಚ, ಕಾಯಿತುರಿ 1 ಬಟ್ಟಲು, ನೆಲ್ಲಿಕಾಯಿ ಗಾತ್ರದ ಹುಣಸೆಹಣ್ಣು, ನೀರುಳ್ಳಿ 2, ಬೆಳ್ಳುಳ್ಳಿ 5 ಎಸಳು, ಕರಿಬೇವು, ತೆಂಗಿನೆಣ್ಣೆ, ಉಪ್ಪು.

1. ಬಾಟ್ಲಿಯ ನೀರನ್ನು ತೆಳು ಬಟ್ಟೆಯಲ್ಲಿ ಸೋಸಿ. ಚೆಲ್ಲಬೇಡಿ. ರುಚಿ ಇರುವುದು ಅದರಲ್ಲೇ. ಆದರೆ ಅದು ಹಸಿ ನೀರು. ಬಾಯಿಗೆ ಹಾಕಿ ನೋಡಬೇಡಿ.

2. ಮಾಂಸದ ಒಂದೊಂದೇ ತುಂಡನ್ನು ಬೆರಳಿನಿಂದ ಮುಟ್ಟಿ ನೋಡಿ. ಚಿಪ್ಪಿನ ಚೂರು ಇದ್ದರೆ ತೆಗೆಯಿರಿ.

3. ಮೆಣಸು, ಕೊತ್ತಂಬರಿ, ಜೀರಿಗೆ ಹುರಿಯಿರಿ. ಅರಿಶಿನ, ಹುಣಸೆ, ಕಾಯಿತುರಿ ಸೇರಿಸಿ ತರಿತರಿಯಾಗಿ ರುಬ್ಬಿ.

4. ಎಣ್ಣೆ ಕಾಯಿಸಿ. ಬೆಳ್ಳುಳ್ಳಿ, ಕರಿಬೇವು, ನೀರುಳ್ಳಿ ಹಾಕಿ ಕೆಂಪಗೆ ಹುರಿಯಿರಿ. ರುಬ್ಬಿದ ಮಸಾಲೆ ಹಾಕಿ. ಸೋಸಿದ ನೀರು ಸುರಿಯಿರಿ. ಕೊತಕೊತ ಕುದಿಯಲಿ.

5. ಈಗ ಕಲ್ವ ಹಾಕಿ. ಹಾಕಿದ ಕೂಡಲೇ ಕುದಿ ನಿಲ್ಲುತ್ತದೆ. ಮತ್ತೆ ಕುದಿ ಬಂದ ಮೇಲೆ ಗಡಿಯಾರ ನೋಡಿ. ಕಡಿಮೆ ಎಂದರೆ 3 ನಿಮಿಷ ಕುದಿಯಲೇಬೇಕು. ಅಮ್ಮ 5 ನಿಮಿಷ ಕುದಿಸಿದಳು. ಬೆಂದ ಕಲ್ವದ ಅಂಚು ಮುದುಡಿ ಸುರುಳಿಯಾಗುತ್ತದೆ. ಮಾಂಸ ಉಬ್ಬಿ ಗಟ್ಟಿಯಾಗುತ್ತದೆ.

6. ಕೊನೆಗೆ ರುಚಿ ನೋಡಿ ಉಪ್ಪು ಹಾಕಿ. ಕಲ್ವದಲ್ಲೇ ಉಪ್ಪು ಇದೆ. ಮೊದಲೇ ಹಾಕಿದರೆ ಉಪ್ಪು ಹೆಚ್ಚಾಗುತ್ತದೆ. ನೀರು ಆರುವ ತನಕ ಇಟ್ಟು ಇಳಿಸಿ. ತುಂಬ ಹೊತ್ತು ಬೇಯಿಸಿದರೆ ಮಾಂಸ ರಬ್ಬರಿನ ಹಾಗೆ ಆಗುತ್ತದೆ.

ಕರಿಯುವುದಾದರೆ ತುಂಡುಗಳ ನೀರು ಚೆನ್ನಾಗಿ ಒರೆಸಿ. ಇಲ್ಲವಾದರೆ ಎಣ್ಣೆ ಸಿಡಿಯುತ್ತದೆ. ಮಸಾಲೆ ಸವರಿ, ರವೆಯಲ್ಲಿ ಹೊರಳಿಸಿ, ಚೆನ್ನಾಗಿ ಕಾದ ಎಣ್ಣೆಯಲ್ಲಿ ಕಡಿಮೆ ಎಂದರೆ 3 ನಿಮಿಷ ಕರಿಯಿರಿ. ಅಮೆರಿಕದವರು ಹಾಲು, ಬೆಣ್ಣೆ ಹಾಕಿ ಕಲ್ವದ ಸಾರು ಮಾಡುತ್ತಾರೆ. ಕೆಲವರು ಹಸಿಯಾಗಿಯೇ ನಿಂಬೆರಸ ಹಿಂಡಿ ತಿನ್ನುತ್ತಾರೆ. ನಿಂಬೆರಸ, ಖಾರ, ಸಾರಾಯಿ ಯಾವುದೂ ರೋಗಾಣುವನ್ನು ಕೊಲ್ಲುವುದಿಲ್ಲ. ಕೊಲ್ಲುವುದು ಕಾವು ಮಾತ್ರ.

ಹಸಿ ಕಲ್ವ ಮುಟ್ಟಿದ ಕೈ, ಚೂರಿ, ಪಾತ್ರೆ ಎಲ್ಲವನ್ನೂ ಸಾಬೂನು ಹಾಕಿ ತೊಳೆಯಿರಿ. ಬೆಂದ ಅಡುಗೆಯನ್ನು ಹಸಿ ಇಟ್ಟ ಪಾತ್ರೆಗೆ ಬಡಿಸಬೇಡಿ.

ಚೆನ್ನಾಗಿ ಬೆಂದ ಕಲ್ವ ಒಳ್ಳೆಯ ಆಹಾರ. ಅದರಲ್ಲಿ ಕಬ್ಬಿಣದ ಅಂಶ ಇದೆ. ಸತುವಿನ ಅಂಶ ಬಹಳ ಇದೆ. ರಕ್ತ ಕಡಿಮೆ ಇರುವ ಹೆಂಗಸರಿಗೆ ಇಂಥ ಆಹಾರ ಬೇಕು. ಎಲ್ಲರಿಗೂ ಬಡಿಸಿ ತಳದಲ್ಲಿ ಉಳಿದದ್ದನ್ನು ನಾವು ತಿನ್ನುವುದಲ್ಲ. ನಮ್ಮ ಪಾಲನ್ನೂ ಬಡಿಸಿಕೊಳ್ಳೋಣ.

ಯಾರು ಹೆಚ್ಚು ಎಚ್ಚರ ಇರಬೇಕು?

ಸಕ್ಕರೆ ಕಾಯಿಲೆ ಇರುವವರು, ಲಿವರ್ ಕೆಟ್ಟವರು, ಬಸುರಿಯರು, ಸಣ್ಣ ಮಕ್ಕಳು, ವಯಸ್ಸಾದವರು ಅರೆಬೆಂದ ಕಲ್ವ ಮುಟ್ಟಲೇಬಾರದು. ಚಿಪ್ಪಿನ ಮೀನು ತಿಂದರೆ ಕೆಲವರಿಗೆ ಮೈ ತುರಿಸಿ ಬಾಯುತ್ತದೆ. ಅಂಥವರು ತಿನ್ನಬಾರದು.

ಕಲ್ವ ತೆಗೆಯುವ ಅಕ್ಕಂದಿರೇ, ನಿಮಗೂ ಒಂದು ಮಾತು. ಕಲ್ವದ ಚಿಪ್ಪು ಕತ್ತಿಯಷ್ಟು ಹರಿತ. ಕೈ ಕಾಲು ಕೊಯ್ಯುವುದು ದಿನದ ಮಾತು. ವಿಬ್ರಿಯೋ ಗಾಯದಿಂದಲೂ ಮೈಯೊಳಗೆ ಹೋಗಬಲ್ಲದು. ಕೈಗವಸು, ಚಪ್ಪಲಿ ಹಾಕಿಕೊಳ್ಳಿ. ಗಾಯವಾದರೆ ಕೂಡಲೇ ಸಾಬೂನು ಮತ್ತು ಒಳ್ಳೆಯ ನೀರಿನಲ್ಲಿ ತೊಳೆಯಿರಿ. ಗಾಯ ಕೆಂಪಾಗಿ ಊದಿಕೊಂಡು ಜ್ವರ ಬಂದರೆ ಅಂದೇ ಆಸ್ಪತ್ರೆಗೆ ಹೋಗಿ. ನಾಳೆ ನೋಡೋಣ ಎನ್ನಬೇಡಿ.

ಬೇಯಿಸಿದರೂ ಹೋಗದ ವಿಷ

ಒಂದು ವಿಷ ಇದೆ. ಅದು ಕುದಿಸಿದರೂ ಹೋಗುವುದಿಲ್ಲ.

1983ರಲ್ಲಿ ಮಂಗಳೂರಿನಿಂದ ತೆಂಕಣ ದಿಕ್ಕಿಗಿರುವ ಕುಂಬಳೆಯಲ್ಲಿ ಜನ ಮರುವಾಯಿ ತಿಂದು ಆಸ್ಪತ್ರೆ ಸೇರಿದರು. ಒಬ್ಬ ಹುಡುಗ ತೀರಿಕೊಂಡ. ಕಾರಣ ಏನು? ನೀರಿನಲ್ಲಿ ಬೆಳೆಯುವ ಕೆಲವು ಅತಿ ಸಣ್ಣ ಪಾಚಿಗಳಲ್ಲಿ ವಿಷ ಇರುತ್ತದೆ. ಒಮ್ಮೊಮ್ಮೆ ಅವು ರಾಶಿ ರಾಶಿ ಹುಟ್ಟುತ್ತವೆ. ಮರುವಾಯಿ, ಬೆಳಚು, ಕಲ್ವ ಅವನ್ನು ಸೋಸಿ ತಿನ್ನುತ್ತವೆ. ವಿಷ ಮಾಂಸದಲ್ಲಿ ಸೇರುತ್ತದೆ.

ಕೆಲವು ಸಲ ನೀರಿನ ಬಣ್ಣ ಕೆಂಪು, ಕಂದು ಆಗುತ್ತದೆ. ಕೆಲವು ಸಲ ಏನೂ ಕಾಣುವುದಿಲ್ಲ. ನೀರಿನ ಬಣ್ಣ ಬದಲಾದರೆ, ಮೀನು ಸತ್ತು ತೇಲಿದರೆ, ಮೀನುಗಾರಿಕೆ ಇಲಾಖೆ ಬೇಡ ಎಂದರೆ, ಚಿಪ್ಪಿನ ಮೀನು ತೆಗೆಯಬೇಡಿ, ತಿನ್ನಬೇಡಿ. ತಿಂದ ಮೇಲೆ ತುಟಿ, ನಾಲಿಗೆ, ಬೆರಳ ತುದಿ ಜುಮ್ ಎಂದರೆ, ಮರಗಟ್ಟಿದರೆ, ಉಸಿರು ಕಟ್ಟಿದರೆ ತಡ ಮಾಡಬೇಡಿ. ಕೂಡಲೇ ಆಸ್ಪತ್ರೆಗೆ ಹೋಗಿ. ಏನು ತಿಂದಿರಿ ಎಂದು ಡಾಕ್ಟರಿಗೆ ಹೇಳಿ.

ಅದಕ್ಕೇ ಯಾವಾಗ ತೆಗೆದದ್ದು ಎಂದು ಕೇಳಿದರೆ ಸಾಲದು. ಎಲ್ಲಿ ತೆಗೆದದ್ದು ಎಂದೂ ಕೇಳಬೇಕು.

ನಮ್ಮ ಚೀಟಿ ನಾವೇ ಬರೆಯೋಣ

ಆರು ತಿಂಗಳ ಮೇಲೆ ಅಮ್ಮ ಊರಿಗೆ ಬಂದಳು. ಮತ್ತೆ ಹೊಳೆಗೆ ಹೋದಳು. ದಡದಲ್ಲಿ ಹೆಂಗಸರು ಕಲ್ವ ಬಿಡಿಸಿ ಪ್ಲಾಸ್ಟಿಕ್ ಚೀಲಕ್ಕೆ ತುಂಬುತ್ತಿದ್ದರು. ಪೇಟೆಯ ಗಿರಾಕಿಗೆ ಕಳಿಸುವ ಮಾಂಸ ಅದು.

"ಇದಕ್ಕೆ ಚೀಟಿ ಎಲ್ಲಿ?" ಎಂದಳು ಅಮ್ಮ.

ಎಲ್ಲರೂ ನಕ್ಕರು. "ನಮ್ಮ ಕಲ್ವಕ್ಕೆ ಚೀಟಿ ಯಾಕೆ ಅಕ್ಕಾ? ಕಣ್ಣೆದುರೇ ತೆಗೆದದ್ದು."

"ನಿನ್ನ ಕಣ್ಣೆದುರು ತೆಗೆದದ್ದು. ತಿನ್ನುವವಳ ಕಣ್ಣೆದುರು ಅಲ್ಲವಲ್ಲ? ಅವಳ ಮನೆಯಲ್ಲೂ ಮಗು ಉಂಟು."

ಯಾರೂ ಮತ್ತೆ ನಗಲಿಲ್ಲ. ಅಮ್ಮ ಸಂಚಿಯಿಂದ ಪೆನ್ನು ತೆಗೆದಳು. ಒಂದು ಕಾಗದದ ಚೂರಿನ ಮೇಲೆ ನಿಧಾನವಾಗಿ, ದುಂಡಗೆ ಬರೆದಳು. ತೆಗೆದ ದಿನ. ಹೊಳೆಯ ಹೆಸರು. ತನ್ನ ಹೆಸರು. ಕೆಳಗೆ ಇನ್ನೊಂದು ಸಾಲು: ಐಸಿನಲ್ಲಿ ಇಡಿ, ಚೆನ್ನಾಗಿ ಬೇಯಿಸಿ.

ಚೀಟಿ ಚೀಲದ ಮೇಲೆ ಅಂಟಿತು. ಪಕ್ಕದವಳು ಕೈ ಒರೆಸಿಕೊಂಡು ಹತ್ತಿರ ಬಂದಳು. "ಪೆನ್ನು ಕೊಡಿ ಅಕ್ಕಾ. ನನ್ನದಕ್ಕೂ ಬರೀತೇನೆ."

ನೆನಪಿಡಿ

● ಚಿಪ್ಪು ಇದ್ದರೆ ತಟ್ಟಿ ನೋಡಿ. ಚಿಪ್ಪು ಇಲ್ಲದಿದ್ದರೆ ಚೀಟಿ ಓದಿ.
● ಹಸಿ ಕಲ್ವ ಸದಾ ತಣ್ಣಗೆ ಇರಲಿ.
● ಕುದಿ ಬಂದ ಮೇಲೆ ಕಡಿಮೆ ಎಂದರೆ 3 ನಿಮಿಷ ಬೇಯಿಸಿ.
● ಅನುಮಾನ ಬಂದರೆ ಎಸೆಯಿರಿ. ದುಡ್ಡಿಗಿಂತ ಜೀವ ದೊಡ್ಡದು.

ಓದಿದಿರಲ್ಲ, ಈಗ ಹೇಳಿ

1. ಅಮ್ಮ ಮೊದಲ ಬಾಟ್ಲಿಯ ಕಲ್ವವನ್ನು ಯಾಕೆ ಎಸೆದಳು?
2. ವಾಸನೆ ಇಲ್ಲದ ಮಾಂಸವೆಲ್ಲ ಒಳ್ಳೆಯದೇ?
3. ನಿಮ್ಮ ಮನೆಯಲ್ಲಿರುವ ಒಂದು ಡಬ್ಬ ಅಥವಾ ಪೊಟ್ಟಣ ತನ್ನಿ. ಅದರ ಮೇಲಿನ ತಾರೀಕು ಹುಡುಕಿ ಓದಿ.
4. ನೀವು ಮಾರುವ ಅಥವಾ ಮಾಡುವ ಒಂದು ಪದಾರ್ಥಕ್ಕೆ ಚೀಟಿ ಬರೆಯಿರಿ.